ಉಪ್ಪು ಮರೆತಂಗ

ಕಂಪನಿ ಕೊಟ್ಟ ಪುಸ್ತಕದಾಗ ಇಪ್ಪತ್ತು ಅಡಿಗಿ ಅದಾವ,
ಬಣ್ಣದ ಚಿತ್ರ ಸಮೇತ. ಪಾಸ್ತಾ ಅಂತ, ಬ್ರೊಕೊಲಿ ಅಂತ.
"ಗುರುಬಾಯಿ, ಇದ್ದಂಗೇ ಮಾಡಿ ತೋರಸ್ರಿ" ಅಂತಾರ
ಮ್ಯಾನೇಜರ್ ಸಾಹೇಬರು.
ಕಣ್ಣಿ ಮಾರ್ಕೆಟ್‌ನ್ಯಾಗ ಬ್ರೊಕೊಲಿ ಕೇಳಿದ್ರ
ಕಾಯಿಪಲ್ಯದಾಕಿ ನನ್ನ ಹಣಿ ಮುಟ್ಟಿ ನೋಡಿದಳು,
ಜ್ವರ ಬಂದಾವೇನೋ ಅಂತ.

ಹತ್ತು ವರ್ಷ ಚೀಲ ಹೊತ್ತು ನಾ ಕಲ್ತಿದ್ದು ಬ್ಯಾರೆ.

ರೊಟ್ಟಿ ಮಾಡಿ ತೋರಿಸಬಾರದು.
ಬಡಿಯೋ ಕೈ ಮುಂದ ಯಾವ ಸಾಮಾನೂ ನಿಲ್ಲಂಗಿಲ್ಲ.
ಬ್ರಹ್ಮಪುರದ ಚಂದ್ರಭಾಗಮ್ಮ ಒಮ್ಮೆ
ನನ್ನ ಪ್ರೆಸ್ಸಿನಾಗಿಂದ ತಗದ ರೊಟ್ಟಿ
ಬೆಳಕಿಗಿ ಹಿಡಿದು, ಸೀಳೆಲ್ಲ ಎಣಿಸಿ
"ಇದು ರೊಟ್ಟಿನೋ, ತಾಲೂಕಿನ ನಕಾಶಿನೋ?" ಅಂದಿದ್ದಳು.

ಎಣ್ಣಿಗಾಯಿ ಮಾಡಬಾರದು.
"ಅಂಟದ ಬೋಗುಣಿ ಅದ, ಒಂದು ಚಮಚ ಎಣ್ಣಿ ಸಾಕ್ರಿ"
ಅನ್ನೋದೇ ತಡ
ಇಡೀ ಓಣಿ ಬದನೀಕಾಯಿ ಪರವಾಗಿ ಎದ್ದು ನಿಲ್ತದ.

ಬ್ಯಾಸಗಿದಾಗ ಕರಿಯೋ ಮಾತೇ ಬ್ಯಾಡ.
ಹನ್ನೊಂದಕ್ಕ ಕರೆಂಟ್ ಹೋಗ್ತದ.
ಫ್ಯಾನ್ ನಿಂತ ಮನ್ಯಾಗ ಒಲಿ ಹಚ್ಚಿದಾಕಿ ಹತ್ರ
ಯಾರೂ ಏನೂ ಕೊಳ್ಳಂಗಿಲ್ಲ.
ಆಗ ಬೇಕು ಹಗ್ಗ ಜಗ್ಗೋ ಚಾಪರ್,
ಸವತಿಕಾಯಿ, ಗಜ್ಜರಿ, ಹಸಿ ಮೆಂತ್ಯ.
ಪಚಡಿ.
ಹನ್ನೆರಡು ಸಲ ಜಗ್ಗು, ಮುಚ್ಚಳ ತಗಿ, ಆಯ್ತು.

ಶ್ರಾವಣದಾಗ ಕೇಳದೆ ಉಳ್ಳಾಗಡ್ಡಿ ಹೊರಗ ತಗೀಬಾರದು.
ರೋಜಾ ಕಡೆ ಹೋದ್ರ ಶುಂಠಿ, ಬಳ್ಳೊಳ್ಳಿ ಅರೆದು ತೋರಿಸು,
ನಸ್ರೀನಕ್ಕ ಬರೇ ವಾಸನಿ ತಗೊಂಡು ಎರಡು ಬರಸ್ತಾಳ,
ಒಂದು ತನಗ, ಒಂದು ಶಹಾಬಾದದ ತಂಗಿಗಿ.

ಇವೆಲ್ಲ ಹೊಸ ಹುಡುಗ್ಯಾರಿಗಿ ಹೇಳಿಕೊಡ್ತೀನಿ.
ಒಂದು ಮಾತ್ರ ಹೇಳಂಗಿಲ್ಲ.

ಕುಕ್ಕರಿಗಿ ತೊಗರಿಬ್ಯಾಳಿ ಹಾಕಿದ ದಿನ ಗೊತ್ತಾದದ್ದು ಅದು.
ಅವಸರದಾಗ ತಂದ ಬ್ಯಾಳಿ,
ಐದು ಸೀಟಿ ಹೊಡೆದರೂ ಹಂಗೇ ಕುಂತಿತ್ತು.
"ಇದು ನಮ್ಮ ಮಣ್ಣಿಂದಲ್ಲ ತಗಿ" ಅಂತ ಒಬ್ಬಾಕಿ,
"ಅರಿಶಿಣ ಮೊದಲೇ ಹಾಕ್ಬೇಕಿತ್ತು" ಅಂತ ಇನ್ನೊಬ್ಬಾಕಿ,
ಮೂರನೇದಾಕಿ ಎದ್ದೇ ಬಂದು
ನನ್ನ ಕೈಯಾಗಿನ ಮುಚ್ಚಳ ಕಸಗೊಂಡು
ತಾನೇ ತಿರುವಿ ಹಾಕಿದಳು.
ಜಗಳ ಮುಗಿಯೋದ್ರಾಗ
ನಾಲ್ಕು ಕುಕ್ಕರ್ ಹೋಗಿದ್ವು.

ಆವತ್ತಿಂದ ಯಾವ ಅಡಿಗಿನೇ ಆರಿಸಲಿ
ಅದರಾಗ ಒಂದು ತಪ್ಪು ಬಿಡ್ತೀನಿ.
ಉಪ್ಪು ಮರೆತಂಗ. ಒಗ್ಗರಣಿ ತಡ ಆದಂಗ.
ಅಡಿಗಿ ಬಲ್ಲಾಕಿ ಸುಮ್ಮ ಕೂಡಂಗಿಲ್ಲ,
ಎದ್ದು ಬರ್ತಾಳ, ಸಾಮಾನು ಕೈಗಿ ತಗೋತಾಳ.
ಕೈಗಿ ಬಂದದ್ದು
ಅರ್ಧ ಮನಿಗಿ ಬಂದಂಗೇ.

ಹೋದ ವಾರ ಜೇವರ್ಗಿ ರೋಡಿನ ಹೊಸ ಲೇಔಟಿನಾಗ
ಜಗದೇವಿಯವರ ಮನಿ.
ಏಳು ಮಂದಿ ಕೂಡಬೇಕಿತ್ತು;
ಎಲ್ಲಾರೂ ಯಾರದೋ ಕುಬುಸಕ್ಕ ಹೋಗಿದ್ರು, ಅತ್ತಿನೂ.
ಉಳಿದಾಕಿ ಸೊಸಿ ಶ್ರೀದೇವಿ,
ಈ ಮನಿಗಿ ಬಂದು ಆರು ತಿಂಗಳು.
ಬಂದದ್ದು ಬಂದೀನಿ ಅಂತ ಪಚಡಿ ಮಾಡಿದೆ.
ಉಪ್ಪು ಬಿಟ್ಟೆ. ಕಾದೆ.

ಒಂದು ಚಮಚ ತಿಂದಳು. ಇನ್ನೊಂದು ತಿಂದಳು.
"ಛಲೋ ಆಗ್ಯದ್ರಿ ಅಕ್ಕಾ."
"ಏನರ ಕಮ್ಮಿ ಅನಸ್ತೇನವಾ?"
ಖಾಲಿ ಇದ್ದ ಅತ್ತಿ ಕುರ್ಚಿ ಕಡೆ ಒಮ್ಮೆ ನೋಡಿ
"ಇಲ್ರಿ, ಏನೂ ಕಮ್ಮಿ ಇಲ್ಲ.
ಬಿಸಲಾಗ ಬಂದೀರಿ, ಮಜ್ಜಿಗಿ ಕುಡೀರಿ."

ನಾ ಮಜ್ಜಿಗಿ ಕುಡಿದೆ.
ಚಾಪರ್ ನಡುಮನಿಯಾಗ ಹಂಗೇ ಕುಂತಿತ್ತು,
ಆಕಿ ಮುಟ್ಟಲಿಲ್ಲ, ನಾ ಮುಟ್ಟಸಲಿಲ್ಲ.
ಒಂದು ಸಿಪ್ಪಿ ತಗಿಯೋದೂ ಮಾರಲಿಲ್ಲ ಆ ದಿನ.
ಚೀಲ ಕಟ್ಟುವಾಗ ಒಳಗ ಹೋಗಿ
ಉಳಿದ ಪಚಡಿ ಡಬ್ಬಿಗಿ ತುಂಬಿ ತಂದಳು,
ಎರಡು ರೊಟ್ಟಿ ಮ್ಯಾಲಿಟ್ಟು.

ರಾಮ ಮಂದಿರ ಸರ್ಕಲ್‌ನ್ಯಾಗ
ಬಸ್ಸಿಗಿ ಕಾಯ್ತಾ ಕಾಯ್ತಾ ಡಬ್ಬಿ ತಗದೆ.
ಶೇಂಗಾ ಪುಡಿ ಉದುರಿಸಿದ್ದಳು. ನಿಂಬಿ ಹಿಂಡಿದ್ದಳು.
ಉಪ್ಪು
ಎಷ್ಟು ಬೇಕೋ ಅಷ್ಟಿತ್ತು.